ಖಾಝಿಯ ಮೊಹರಿನಿಂದ ನೋಂದಣಿ ಕಚೇರಿಯವರೆಗೆ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ಯಾವುದರ ಕುರಿತಾಗಿದೆ ಎಂದು ಮದ್ರಸದ ಮಕ್ಕಳನ್ನು ಕೇಳಿದರೆ ಒಬ್ಬನು ನಮಾಝ್ ಎನ್ನುತ್ತಾನೆ, ಇನ್ನೊಬ್ಬನು ಹಜ್ಜ್ ಎನ್ನುತ್ತಾನೆ, ಮತ್ತೊಬ್ಬನು ಸ್ವರ್ಗ ನರಕಗಳೆನ್ನುತ್ತಾನೆ. ಅಧ್ಯಾಯ ಅಲ್-ಬಕರದ 282ನೆಯ ಸೂಕ್ತವನ್ನು ತೆರೆದು ಅರ್ಥ ಹೇಳಿದಾಗ ಅವರೆಲ್ಲರಿಗೂ ಆಶ್ಚರ್ಯವಾಗುತ್ತದೆ. ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದ ಸೂಕ್ತ. ಅವಧಿಯನ್ನು ಗೊತ್ತುಪಡಿಸಿ ಸಾಲ ಮಾಡಿದಾಗ ಅದನ್ನು ಬರೆಯಬೇಕು; ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಲು ನಿರಾಕರಿಸಬಾರದು; ಹೊಣೆ ಹೊತ್ತವನೇ ಒಕ್ಕಣೆಯನ್ನು ಹೇಳಿ ಬರೆಯಿಸಬೇಕು; ಅವನು ಅಶಕ್ತನಾದರೆ ಅವನ ಪೋಷಕನು ಹೇಳಬೇಕು; ಸಾಕ್ಷಿಗಳಿರಬೇಕು; ಕರೆದಾಗ ಸಾಕ್ಷಿಗಳು ಬರಬೇಕು; ವ್ಯವಹಾರ ಚಿಕ್ಕದಿರಲಿ ದೊಡ್ಡದಿರಲಿ ಬೇಸರಪಡಬಾರದು; ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು. ಇಂದಿನ ಯಾವ ನೋಂದಣಿ ಕಚೇರಿಯ ಗೋಡೆಯ ಮೇಲೂ ತೂಗುಹಾಕಬಹುದಾದ ನಿಯಮಗಳಿವು. ಅಲ್ಲಾಹನು ತನ್ನ ಗ್ರಂಥದಲ್ಲಿ ಈ ವಿಷಯಕ್ಕೆ ಇಷ್ಟು ವಿಸ್ತಾರವಾದ ಸ್ಥಾನವನ್ನು ಕೊಟ್ಟಿರುವಾಗ ನಮ್ಮ ಮನೆಗಳಲ್ಲಿ ಇದಕ್ಕೆ ಏಕೆ ಇಷ್ಟು ಅಲ್ಪ ಸ್ಥಾನ ದೊರೆತಿದೆ?

ಈ ಪ್ರಶ್ನೆ ನಮ್ಮನ್ನು ಕಾಡಲು ಒಂದು ಕಾರಣವಿದೆ. ಕೆಲಕಾಲದ ಹಿಂದೆ ಭದ್ರಾವತಿಯಿಂದ ಒಬ್ಬ ವಿಧವೆ ಸಹೋದರಿ ತಮ್ಮ ಇಬ್ಬರು ಸಹೋದರರೊಡನೆ ನಮ್ಮ ಬಳಿಗೆ ಬಂದರು. ಅವರ ತಂದೆ ಕಾರ್ಖಾನೆಯಲ್ಲಿ ದುಡಿದು, ನಿವೃತ್ತಿಯ ಹಣದಿಂದ ಆರು ಕೋಣೆಗಳ ಮನೆ ಕಟ್ಟಿದವರು. ತಾಯಿ ಮೊದಲೇ ತೀರಿಕೊಂಡಿದ್ದರು. ಮೂವರು ಮಕ್ಕಳಿಗೂ ಎರಡೆರಡು ಕೋಣೆ, ಹಿಂಬದಿಯ ಎರಡು ಕೋಣೆ ಮಗಳಿಗೆ ಎಂದು ತಂದೆ ಹಲವು ಬಾರಿ ಬಾಯಿಮಾತಿನಲ್ಲಿ ಹೇಳಿದ್ದರಂತೆ. ತಂದೆ ಮರಣ ಹೊಂದಿದ ಬಳಿಕ ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಆಯಿತು. ಅದಕ್ಕಾಗಿ ಕೊಟ್ಟ ವಂಶವೃಕ್ಷದಲ್ಲಿ ಮಗಳ ಹೆಸರೇ ಇರಲಿಲ್ಲ. "ಅಬ್ಬಾ ಹೇಳಿದ್ದು ನಿಜ ಮೌಲಾನಾ, ಆದರೆ ಬರೆದದ್ದು ಏನೂ ಇಲ್ಲ" ಎಂದು ಆ ಸಹೋದರಿ ತಲೆ ತಗ್ಗಿಸಿದರು. ಅವರ ವಿಷಯ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೆ ಮೊದಲು, ಬರವಣಿಗೆಯ ಸಮುದಾಯವಾಗಿದ್ದ ನಾವು ಬಾಯಿಮಾತಿನ ಸಮುದಾಯವಾದ ಇತಿಹಾಸವನ್ನು ಸ್ವಲ್ಪ ನೋಡೋಣ.

ಪ್ರವಾದಿವರ್ಯರ ಕಾಲದ ದಸ್ತಾವೇಜುಗಳು

ಪ್ರವಾದಿವರ್ಯರು(ಸ) ಸ್ವತಃ ವ್ಯವಹಾರವನ್ನು ಬರೆಯಿಸಿಕೊಟ್ಟವರು. ಅದ್ದಾ ಇಬ್ನ್ ಖಾಲಿದ್(ರ) ಎಂಬ ಸಹಾಬಿಗೆ ಪ್ರವಾದಿವರ್ಯರು ಒಂದು ಮಾರಾಟಪತ್ರವನ್ನು ಬರೆಯಿಸಿಕೊಟ್ಟ ವರದಿ ತಿರ್ಮಿದಿ ಮತ್ತು ಇಬ್ನ್ ಮಾಜಃ ಸಂಗ್ರಹಗಳಲ್ಲಿದೆ. ಕೊಂಡವರು ಯಾರು, ಮಾರಿದವರು ಯಾರು, ಮಾರಾಟದಲ್ಲಿ ದೋಷವಾಗಲಿ ವಂಚನೆಯಾಗಲಿ ಇಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿತ್ತು. ಭೂಮಿಯ ಮೇಲೆ ಅವರಿಗಿಂತ ನಂಬಿಗಸ್ತರು ಇನ್ನಾರಿದ್ದರು? 'ಅಲ್-ಅಮೀನ್' ಎಂದು ವೈರಿಗಳೂ ಕರೆದವರು ಅವರು. ಅವರೇ ಬರೆದುಕೊಟ್ಟಿರುವಾಗ "ನಮ್ಮವರ ನಡುವೆ ಕಾಗದವೇಕೆ, ನಂಬಿಕೆ ಇಲ್ಲವೇ?" ಎಂದು ಕೇಳುವ ಹಕ್ಕು ನಮಗಿಲ್ಲ.

ಭೂಮಿಯ ವಿಷಯದಲ್ಲಿ ಹಝ್ರತ್ ಉಮರ್(ರ) ಅವರ ವಕ್ಫ್ ಪ್ರಸಿದ್ಧವಾಗಿದೆ. ಖೈಬರಿನಲ್ಲಿ ತಮಗೆ ದೊರೆತ ಉತ್ತಮ ಭೂಮಿಯನ್ನು ಏನು ಮಾಡಲಿ ಎಂದು ಅವರು ಕೇಳಿದಾಗ, ಮೂಲವನ್ನು ಉಳಿಸಿಕೊಂಡು ಫಲವನ್ನು ದಾನ ಮಾಡುವಂತೆ ಪ್ರವಾದಿವರ್ಯರು ಸಲಹೆ ನೀಡಿದರು. ಆ ಭೂಮಿಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಅದು ವಾರಸುದಾರರಿಗೆ ಹಂಚಿಹೋಗುವಂತಿಲ್ಲ. ಈ ವಕ್ಫ್ ಕೇವಲ ಮಾತಾಗಿ ಉಳಿಯಲಿಲ್ಲ. ಉಮರ್(ರ) ಅವರ ಖಿಲಾಫತ್ತಿನ ಕಾಲದಲ್ಲಿ ಮುಐಕೀಬ್(ರ) ಅದರ ಪತ್ರವನ್ನು ಬರೆದರು. ಅಬ್ದುಲ್ಲಾ ಇಬ್ನ್ ಅಲ್-ಅರ್ಕಮ್(ರ) ಸಾಕ್ಷಿ ಹಾಕಿದರು. ಆ ಪತ್ರದ ಒಕ್ಕಣೆ ಅಬೂದಾವೂದ್ ಸಂಗ್ರಹದಲ್ಲಿ ಇಂದಿಗೂ ಉಳಿದಿದೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಆ ಆಸ್ತಿಯ ಉಸ್ತುವಾರಿಯನ್ನು ಉಮರ್(ರ) ತಮ್ಮ ಮಗಳು ಹಫ್ಸಾ(ರ) ಅವರಿಗೆ, ಅವರ ಜೀವಿತಾವಧಿಯವರೆಗೆ ವಹಿಸಿದ್ದರು. ಇಸ್ಲಾಮಿನ ಇತಿಹಾಸದ ಬಹು ಹಳೆಯ ಭೂದಾಖಲೆಗಳಲ್ಲೊಂದರಲ್ಲಿ ಒಬ್ಬ ಮಗಳ ಹೆಸರು ಲಿಖಿತವಾಗಿದೆ. ನಮ್ಮ ವಂಶವೃಕ್ಷಗಳಿಂದ ಮಗಳ ಹೆಸರನ್ನು ಬಿಡುವವರು ಇದನ್ನು ನೆನೆಯಬೇಕು.

ಖಾಝಿಯ ದಫ್ತರ

ಮುಂದಿನ ಶತಮಾನಗಳಲ್ಲಿ ದಸ್ತಾವೇಜು ಬರೆಯುವುದು ಫಿಕ್ಹಿನ ಒಂದು ಸ್ವತಂತ್ರ ವಿದ್ಯೆಯಾಗಿ ಬೆಳೆಯಿತು. ಅದಕ್ಕೆ 'ಇಲ್ಮುಶ್ಶುರೂತ್' ಎಂದು ಹೆಸರು. ಈಜಿಪ್ಟಿನ ಹನಫೀ ವಿದ್ವಾಂಸ ಇಮಾಮ್ ತಹಾವಿ (ಮರಣ ಹಿಜರಿ 321, ಕ್ರಿ.ಶ. 933) ಈ ವಿಷಯದ ಮೇಲೆಯೇ ಗ್ರಂಥಗಳನ್ನು ರಚಿಸಿದರು. ಮಾರಾಟ, ಬಾಡಿಗೆ, ಅಡಮಾನ, ವಕ್ಫ್ ಇವುಗಳ ಪತ್ರದಲ್ಲಿ ಯಾವ ಮಾತು ಇರಲೇಬೇಕು, ಯಾವ ಮಾತು ಬಿಟ್ಟರೆ ನಾಳೆ ತಕರಾರು ಹುಟ್ಟುತ್ತದೆ ಎಂಬುದನ್ನು ವಿದ್ವಾಂಸರು ಪದಪದವಾಗಿ ಚರ್ಚಿಸಿದರು. ಭೂಮಿಯ ದಾವೆಯಲ್ಲಿ ಎಲ್ಲೆಗಳನ್ನು ಹೇಳಬೇಕೆಂಬುದು ಎಲ್ಲರಿಗೂ ಸಮ್ಮತ. ಮೂರು ಎಲ್ಲೆಗಳನ್ನು ಹೇಳಿದರೆ ಸಾಕೆಂದು ಹನಫೀ ಇಮಾಮರು ಹೇಳಿದರೆ, ಇಮಾಮ್ ಝುಫರ್ ನಾಲ್ಕೂ ಬೇಕೆಂದರು. ಇಂದು ನಮ್ಮ ಕ್ರಯಪತ್ರಗಳಲ್ಲಿ 'ಚಕ್ಕುಬಂದಿ' ಎಂದು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳನ್ನು ಬರೆಯುತ್ತೇವಲ್ಲ, ಅದೇ ವಿಷಯವನ್ನು ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಚರ್ಚಿಸಿದ್ದರು.

ಭಾರತದಲ್ಲಿ ಔರಂಗಝೇಬನ ಕಾಲದಲ್ಲಿ ಸಂಕಲನಗೊಂಡ ಫತಾವಾ ಆಲಂಗೀರಿಯಲ್ಲಿ ನಮಾಝ್, ರೋಝಾಗಳ ಅಧ್ಯಾಯಗಳಿರುವಂತೆಯೇ ಶುರೂತಿನ ಅಧ್ಯಾಯವೂ, 'ಮಹಾಝಿರ್ ಮತ್ತು ಸಿಜಿಲ್ಲಾತ್' ಎಂಬ ಅಧ್ಯಾಯವೂ ಇವೆ. ಮಹ್ಝರ್ ಎಂದರೆ ಖಾಝಿಯ ಮುಂದೆ ಹಾಜರಾದವರ ಹೇಳಿಕೆಯ ಬರಹ. ಸಿಜಿಲ್ ಎಂದರೆ ಖಾಝಿಯ ತೀರ್ಪಿನ ದಾಖಲೆ. ಈ ಮಹ್ಝರ್ ಎಂಬ ಪದವೇ ಕನ್ನಡದ 'ಮಹಜರು'. ಗ್ರಾಮ ಲೆಕ್ಕಿಗರು ಸ್ಥಳಕ್ಕೆ ಬಂದು, ಪಂಚರ ಸಮ್ಮುಖದಲ್ಲಿ ಬರೆಯುವ ಪಂಚನಾಮೆಯನ್ನು ನಾವು ಮಹಜರು ಎನ್ನುವಾಗ, ಮದ್ರಸದ ಪಠ್ಯದ ಪದವೊಂದನ್ನೇ ಉಚ್ಚರಿಸುತ್ತಿರುತ್ತೇವೆ.

ಖಾಝಿ ಎಂದರೆ ನಿಕಾಹ್ ಓದಿಸುವವರು ಎಂದಷ್ಟೇ ಇಂದು ನಾವು ತಿಳಿದಿದ್ದೇವೆ. ಹಿಂದಿನ ಕಾಲದ ಖಾಝಿಯ ಕೆಲಸ ಬಹಳ ವ್ಯಾಪಕವಾಗಿತ್ತು. ಜಮೀನು, ಮನೆಗಳ ವರ್ಗಾವಣೆ ಪತ್ರಗಳನ್ನು ಸಿದ್ಧಪಡಿಸುವುದು, ಅವುಗಳ ಮೇಲೆ ಮೊಹರು ಹಾಕಿ ದೃಢೀಕರಿಸುವುದು, ನಕಲನ್ನು ದಫ್ತರಿನಲ್ಲಿ ಇಟ್ಟುಕೊಳ್ಳುವುದು, ಅನಾಥರ ಆಸ್ತಿಯನ್ನು ನೋಡಿಕೊಳ್ಳುವುದು ಇವೆಲ್ಲವೂ ಅವರ ಹೊಣೆಗಳಾಗಿದ್ದವು. ಮುಸ್ಲಿಮೇತರರೂ ತಮ್ಮ ಮಾರಾಟಪತ್ರಗಳಿಗೆ ಖಾಝಿಯ ಮೊಹರನ್ನು ಪಡೆಯುತ್ತಿದ್ದರು. ಏಕೆಂದರೆ ಆ ಮೊಹರು ವ್ಯವಹಾರಕ್ಕೆ ಸಾರ್ವಜನಿಕ ಸಾಕ್ಷಿಯಾಗಿತ್ತು.

ಮಲೆನಾಡಿನ ಕಡತಗಳು

ನಮ್ಮ ಶಿವಮೊಗ್ಗ ಸೀಮೆಯು ಲೆಕ್ಕಪತ್ರದ ನಾಡು. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದ ಮಧ್ಯದಲ್ಲಿ ಜಮೀನುಗಳ ಗುಣ ಮತ್ತು ಬೆಳೆಯನ್ನು ನೋಡಿ ಕಂದಾಯವನ್ನು ಗೊತ್ತುಪಡಿಸಿದ ವ್ಯವಸ್ಥೆಯು 'ಶಿವಪ್ಪನಾಯಕನ ಶಿಸ್ತು' ಎಂದು ಇಂದಿಗೂ ಪ್ರಸಿದ್ಧವಾಗಿದೆ. ಊರೂರಿನ ಶಾನುಭೋಗರು ಆ ಲೆಕ್ಕವನ್ನು ಕಡತಗಳಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಕಪ್ಪು ಲೇಪನ ಕೊಟ್ಟು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಇಂದು ಸರಕಾರಿ ಕಚೇರಿಯ ಫೈಲಿಗೂ ನಾವು ಅದೇ ಹೆಸರನ್ನು ಬಳಸುತ್ತೇವೆ.

1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದಾಗ ಈ ಸೀಮೆಯು ಮೈಸೂರಿಗೆ ಸೇರಿತು; ಬಿದನೂರು ಹೈದರ್‌ನಗರವಾಗಿ, ಬಳಿಕ ನಗರವಾಯಿತು. ಬಹಮನಿ, ಆದಿಲ್‌ಶಾಹಿ ಮತ್ತು ಶಿರಾದ ಮೊಗಲ್ ಆಡಳಿತಗಳಿಂದ ಕನ್ನಡಕ್ಕೆ ಆಗಲೇ ಬರುತ್ತಿದ್ದ ಅರಬಿ, ಫಾರ್ಸಿ ಪದಗಳು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಂದಾಯದ ಭಾಷೆಯಲ್ಲಿ ಇನ್ನಷ್ಟು ಗಟ್ಟಿಯಾದವು. ಜಮೀನು, ದಸ್ತಾವೇಜು, ದಾಖಲೆ, ಅಸಲು, ನಕಲು, ಅರ್ಜಿ, ತಕರಾರು, ಇನಾಮು, ಸನದು, ವಾರಸು, ಹಕ್ಕು, ವಕೀಲ ಹೀಗೆ ಪಟ್ಟಿ ದೊಡ್ಡದಿದೆ. ನಾವು ಹಾಕುವ 'ಸಹಿ'ಯು ಅರಬಿಯ 'ಸಹೀಹ್', ಅಂದರೆ ಸರಿಯಾದದ್ದು, ಎಂಬ ಪದದಿಂದ ಬಂದದ್ದು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಿಗೆ ಇರುವ ವಿಶೇಷಣವೇ ಅದು. ಸುಳ್ಳು ಪತ್ರಕ್ಕೆ ಸಹಿ ಹಾಕುವವನು ಸುಳ್ಳಿನ ಮೇಲೆ 'ಸಹೀಹ್' ಎಂದು ಬರೆಯುತ್ತಿದ್ದಾನೆ. ಮರಣಾನಂತರ ವಾರಸುದಾರರ ಹೆಸರಿಗೆ ಮಾಡುವ 'ಪೌತಿ ಖಾತೆ'ಯ ಪೌತಿಯು 'ಫೌತ್', ಅಂದರೆ ಮರಣ, ಎಂಬ ಪದದ ಕನ್ನಡ ರೂಪ. ಈ ಪದಗಳು ಹಿಂದೂ ಮುಸ್ಲಿಮರೆನ್ನದೆ ಎಲ್ಲ ರೈತರ ನಾಲಿಗೆಯ ಮೇಲಿವೆ. ಪದಗಳು ನಾಡಿನವಾದವು, ಆದರೆ ಅವು ಸೂಚಿಸುವ ಅಭ್ಯಾಸವು ನಮ್ಮ ಮನೆಗಳಿಂದಲೇ ಮರೆಯಾಗುತ್ತ ಬಂದಿತು.

1864: ಎರಡು ಕಾನೂನುಗಳು

ಈ ಬದಲಾವಣೆಗೆ ಒಂದು ವರ್ಷವನ್ನು ಗುರುತಿಸಬೇಕಾದರೆ ಅದು 1864. ಬ್ರಿಟಿಷರು ಬಂಗಾಳದಲ್ಲಿ 1793ರಲ್ಲಿಯೂ ಮದ್ರಾಸ್ ಪ್ರಾಂತದಲ್ಲಿ 1802ರಲ್ಲಿಯೂ ಪತ್ರಗಳ ನೋಂದಣಿಯನ್ನು ಆರಂಭಿಸಿದ್ದರು. ಆಗ ನೋಂದಣಿ ಐಚ್ಛಿಕವಾಗಿತ್ತು. ಖಾಝಿಯ ಮೊಹರೂ ಜೊತೆಯಲ್ಲಿಯೇ ನಡೆಯುತ್ತಿತ್ತು. 1864ರ 11ನೆಯ ಕಾನೂನು ಸರಕಾರವು ಖಾಝಿಗಳನ್ನು ನೇಮಿಸುವ ಪದ್ಧತಿಯನ್ನು ರದ್ದುಪಡಿಸಿತು. ಅದೇ ವರ್ಷದ 16ನೆಯ ಕಾನೂನು ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮೌಲ್ಯದ ಸ್ಥಿರಾಸ್ತಿಯ ಪತ್ರಗಳ ನೋಂದಣಿಯನ್ನು ಕಡ್ಡಾಯ ಮಾಡಿತು. ಒಂದೇ ವರ್ಷದಲ್ಲಿ ಮೊಹರು ಖಾಝಿಯ ಕೈಯಿಂದ ಜಾರಿ ನೋಂದಣಾಧಿಕಾರಿಯ ಮೇಜಿಗೆ ಹೋಯಿತು.

1880ರಲ್ಲಿ ಖಾಝಿಗಳ ಕಾನೂನು ಬಂದು ಸಮುದಾಯದ ಕೋರಿಕೆಯ ಮೇರೆಗೆ ಖಾಝಿಗಳನ್ನು ನೇಮಿಸಲು ಅವಕಾಶ ದೊರೆಯಿತು. ಆದರೆ ಅವರಿಗೆ ನ್ಯಾಯಾಂಗದ ಅಥವಾ ಆಡಳಿತದ ಯಾವ ಅಧಿಕಾರವೂ ಇರುವುದಿಲ್ಲವೆಂದು ಆ ಕಾನೂನೇ ಸ್ಪಷ್ಟಪಡಿಸಿತು. ಮೈಸೂರು ಸಂಸ್ಥಾನವು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1863ರಲ್ಲಿ ಇಲ್ಲಿ ಕಂದಾಯ ಸರ್ವೆ ಇಲಾಖೆ ಆರಂಭವಾಗಿ ಹೊಲಹೊಲಕ್ಕೂ ಸರ್ವೆ ನಂಬರು ಬರತೊಡಗಿತು. ಕಾಲಕ್ರಮದಲ್ಲಿ ನೋಂದಣಿಯ ವ್ಯವಸ್ಥೆಯೂ ಇಲ್ಲಿ ನೆಲೆಯೂರಿತು. ಇಂದು ದೇಶದಲ್ಲೆಡೆ ನಡೆಯುತ್ತಿರುವುದು 1908ರ ನೋಂದಣಿ ಕಾನೂನು.

ಇದರಲ್ಲಿ ಅಳಬೇಕಾದದ್ದೇನೂ ಇಲ್ಲ. ಸರಕಾರಗಳು ಬದಲಾಗುತ್ತವೆ, ಕಚೇರಿಗಳು ಬದಲಾಗುತ್ತವೆ. ನಮ್ಮ ತಪ್ಪು ಇರುವುದು ಬೇರೆಡೆ. ಖಾಝಿಯ ಬಳಿ ನಿಕಾಹ್ ಪುಸ್ತಕ ಉಳಿಯಿತು. ಅದನ್ನು ನಾವು ಶ್ರದ್ಧೆಯಿಂದ ಕಾಪಾಡಿದೆವು. ಜಮೀನಿನ ಪುಸ್ತಕ ಕಚೇರಿಗೆ ಹೋಯಿತು. ಅದರೊಡನೆ ಬರೆಯಿಸುವ ಕರ್ತವ್ಯವೂ ದೀನಿನಿಂದ ಹೊರಗೆ ಹೋಯಿತೆಂದು ನಾವು ಭಾವಿಸಿದೆವು. ಬರೆಯಿಸುವುದು ಅಲ್ಲಾಹನ ಆದೇಶವೆಂಬುದನ್ನು ಮರೆತು, ಅದು ಸರಕಾರದ ಕಾಟವೆಂದು ತಿಳಿದೆವು.

ಕಬ್ಬಿಣದ ಊರು, ಬಿಳಿ ಹಾಳೆಯ ನಿವೇಶನಗಳು

ಇದರ ಪರಿಣಾಮವನ್ನು ಭದ್ರಾವತಿಯಂಥ ಊರಿನಲ್ಲಿ ಕಾಣಬಹುದು. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಸಣ್ಣ ಊರಿನಲ್ಲಿ ಮೈಸೂರು ಸರಕಾರವು 1918ರಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಲು ತೊಡಗಿ, 1923ರಲ್ಲಿ ಉತ್ಪಾದನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ನಾಡಿನ ಮೂಲೆಮೂಲೆಗಳಿಂದ ಬಂದ ದುಡಿಯುವ ಕೈಗಳು ಸೇರಿ ಊರು ಬೆಳೆಯಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ದುಡಿಯುವವರೆಗೆ ಕ್ವಾರ್ಟರ್ಸ್, ನಿವೃತ್ತಿಯ ಬಳಿಕ ಊರಂಚಿನಲ್ಲಿ ಒಂದು ನಿವೇಶನ. ಆ ನಿವೇಶನವನ್ನು ಎಷ್ಟೋ ಮಂದಿ ಬಿಳಿ ಹಾಳೆಯ ಬರಹದ ಮೇಲೆ, ಕರಾರು ಪತ್ರದ ಮೇಲೆ ಅಥವಾ ಅಧಿಕಾರ ಪತ್ರದ ಮೇಲೆ ಕೊಂಡರು. ಕಾಗದ ತಯಾರಿಸುವ ಊರಿನಲ್ಲಿ ಮನೆಗಳಿಗೆ ಸರಿಯಾದ ಕಾಗದವಿರಲಿಲ್ಲ. ಇಂತಹ ಅಧಿಕಾರ ಪತ್ರ ಮತ್ತು ಕರಾರುಗಳಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕಾಗದವಿಲ್ಲದ ಭೂಮಿಯ ನೋವು ಮುಸ್ಲಿಮರಿಗೆ ಮಾತ್ರ ಸೀಮಿತವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳು ಮನೆ, ತೋಟಗಳನ್ನು ಬಿಟ್ಟು ಎದ್ದವು. ನಾಡಿಗೆ ಬೆಳಕು ಕೊಡಲು ತಾವು ಕತ್ತಲಿಗೆ ಹೋದವರು ಅವರು. ಅವರಲ್ಲಿ ಅನೇಕರಿಗೆ ಶಿವಮೊಗ್ಗ ಜಿಲ್ಲೆಯ ಅರಣ್ಯಭೂಮಿಯಲ್ಲಿ ನೆಲೆ ತೋರಿಸಲಾಯಿತು. ಆದರೆ ಆ ಭೂಮಿ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದು, 1980ರ ಅರಣ್ಯ ಸಂರಕ್ಷಣಾ ಕಾನೂನಿನ ಬಳಿಕ ಅದನ್ನು ಬಿಡಿಸಲು ಕೇಂದ್ರದ ಅನುಮತಿಯೂ ಬೇಕಾಯಿತು. ಮೊಮ್ಮಕ್ಕಳ ಕಾಲದಲ್ಲಿಯೂ ಹಕ್ಕುಪತ್ರದ ಹೋರಾಟ ಮುಗಿದಿಲ್ಲ. ಉತ್ತು ಬಿತ್ತಿ ಮೂರು ತಲೆಮಾರು ಬಾಳಿದರೂ ದಾಖಲೆ ಇಲ್ಲದಿದ್ದರೆ ಮನುಷ್ಯನು ತನ್ನದೇ ಅಂಗಳದಲ್ಲಿ ಅತಿಥಿಯಾಗಿರುತ್ತಾನೆ. ಅವರಿಗೆ ಬೇಕೆಂದರೂ ಕಾಗದ ಸಿಗಲಿಲ್ಲ. ಸಿಗುವ ಕಾಗದವನ್ನು ಬೇಡವೆನ್ನುವವರು ನಾವು.

ಹಿಬಾದ ವಿನಾಯಿತಿಯೇ ನಮಗೆ ಉರುಳಾಯಿತೇ?

"ನಮ್ಮ ಶರೀಅತ್ತಿನಲ್ಲಿ ಹಿಬಾಕ್ಕೆ ಕಾಗದ ಬೇಕಿಲ್ಲ" ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಮಾತು ಅರ್ಧ ನಿಜ. 1882ರ ಆಸ್ತಿ ವರ್ಗಾವಣೆ ಕಾನೂನಿನ 129ನೆಯ ಕಲಮು ಮುಸ್ಲಿಮರ ದಾನದ ನಿಯಮಗಳನ್ನು ಹಾಗೆಯೇ ಉಳಿಸಿದೆ. 2011ರಲ್ಲಿ ಸುಪ್ರೀಂ ಕೋರ್ಟು ಹಫೀಝಾ ಬೀಬಿ ಪ್ರಕರಣದಲ್ಲಿ, ಹಿಬಾದ ಮೂರು ಷರತ್ತುಗಳು ಪೂರ್ಣವಾಗಿದ್ದರೆ ಅದನ್ನು ಬರಹದಲ್ಲಿ ಇಟ್ಟ ಮಾತ್ರಕ್ಕೆ ನೋಂದಣಿ ಕಡ್ಡಾಯವಾಗುವುದಿಲ್ಲ ಎಂದಿತು. ಆ ಮೂರು ಷರತ್ತುಗಳು ಯಾವುವು? ದಾನಿಯ ಘೋಷಣೆ, ಪಡೆಯುವವರ ಸ್ವೀಕಾರ ಮತ್ತು ಕಬ್ಝಾ, ಅಂದರೆ ಆಸ್ತಿಯನ್ನು ನಿಜವಾಗಿ ವಶಕ್ಕೆ ಕೊಡುವುದು. ವಾರ್ತಾಪತ್ರಿಕೆಗಳಲ್ಲಿ 'ಭೂಕಬ್ಜಾ' ಎಂದರೆ ಕಸಿದುಕೊಳ್ಳುವುದು. ನಮ್ಮ ಫಿಕ್ಹಿನಲ್ಲಿ ಕಬ್ಝಾ ಎಂದರೆ ದಾನವನ್ನು ಪೂರ್ಣಗೊಳಿಸುವ ಕ್ರಿಯೆ.

ಅರ್ಧ ಸುಳ್ಳು ಇರುವುದು ಇಲ್ಲಿಯೇ. ಹೆಚ್ಚಿನ ತಂದೆ ತಾಯಂದಿರು ಘೋಷಣೆ ಮಾಡುತ್ತಾರೆ, ಮಕ್ಕಳು ತಲೆಯಾಡಿಸುತ್ತಾರೆ, ಆದರೆ ಕಬ್ಝಾ ಆಗುವುದಿಲ್ಲ. ಕೀಲಿಕೈ ತಂದೆಯ ಜೇಬಿನಲ್ಲಿಯೇ ಇರುತ್ತದೆ. ಬಾಡಿಗೆ ಅವರ ಕೈಗೇ ಬರುತ್ತದೆ. ಹೀಗೆ ಅಪೂರ್ಣವಾಗಿ ಉಳಿದ ಹಿಬಾವು ದಾನಿಯ ಮರಣದೊಡನೆ ಬಿದ್ದುಹೋಗಿ ಆಸ್ತಿಯು ಮೀರಾಸಿಗೆ ಸೇರುತ್ತದೆ. ಕಾಗದ ಬರೆಯಿಸಲು ಹೋಗಿದ್ದರೆ ಬರೆಯುವವರು "ಸ್ವಾಧೀನ ಕೊಟ್ಟಿದ್ದೀರಾ?" ಎಂದು ಕೇಳುತ್ತಿದ್ದರು, ಸಾಕ್ಷಿಗಳು ಕೇಳಿಸಿಕೊಳ್ಳುತ್ತಿದ್ದರು, ತಪ್ಪು ಅಂದೇ ಸರಿಯಾಗುತ್ತಿತ್ತು. ಕಾಗದವಿಲ್ಲದೆಯೂ ಹಿಬಾ ಸಿಂಧುವೆಂದು ಫಿಕ್ಹ್ ಹೇಳಿದ್ದು ಬಡವನ ದಾನವೂ ನಿಲ್ಲಲಿ ಎಂಬ ಸೌಲಭ್ಯಕ್ಕಾಗಿ. ಕಾಗದ ಬೇಡವೆಂದು ಅದು ಎಂದೂ ಹೇಳಿಲ್ಲ.

ಬಾಯಿಮಾತಿನಿಂದ ನಷ್ಟವಾಗುವುದು ಯಾರಿಗೆ? ಬಲವುಳ್ಳವನಿಗೆ ಬಾಯಿಮಾತು ಸಾಕು. ಅವನು ಮನೆಯಲ್ಲಿಯೇ ಕುಳಿತಿರುತ್ತಾನೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು, ಗಂಡನನ್ನು ಕಳೆದುಕೊಂಡ ಸೊಸೆ, ಪ್ರಾಯಕ್ಕೆ ಬಾರದ ಯತೀಮ್ ಮಕ್ಕಳು, ಇವರಿಗೆ ಕಾಗದವೊಂದೇ ಆಸರೆ. ಅಧ್ಯಾಯ ಅನ್ನಿಸಾದಲ್ಲಿ ಆಸ್ತಿ ಅಲ್ಪವಿರಲಿ ಅಧಿಕವಿರಲಿ ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಅಲ್ಲಾಹನು ಸಾರಿದ್ದಾನೆ. ಆ ಪಾಲು ಕುರ್‌ಆನಿನಲ್ಲಿ ಬರೆಯಲ್ಪಟ್ಟಿದೆ. ನಮ್ಮ ಪೌತಿ ಖಾತೆಯಲ್ಲಿ ಮಾತ್ರ ಬರೆಯಲ್ಪಟ್ಟಿಲ್ಲ.

ನೋಂದಣಿಯೂ ಅನ್ಯಾಯದ ಆಯುಧವಾಗಬಹುದೆಂಬುದನ್ನು ಇಲ್ಲಿಯೇ ಹೇಳಬೇಕು. ಸಹೋದರಿಯರನ್ನು ಕಚೇರಿಗೆ ಕರೆದೊಯ್ದು, ಏನೆಂದು ಓದಿ ಹೇಳದೆ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವವರಿದ್ದಾರೆ. "ತವರು ಬೇಕೋ, ಪಾಲು ಬೇಕೋ?" ಎಂದು ಕೇಳುವವರಿದ್ದಾರೆ. ಅಂತಹ ಪತ್ರ ಕಚೇರಿಯ ಪುಸ್ತಕದಲ್ಲಿ ಏರಬಹುದು, ಅಲ್ಲಾಹನ ಬಳಿ ಏರುವುದಿಲ್ಲ. ಅನ್ಯಾಯವಾಗಿ ಒಂದು ಗೇಣು ಭೂಮಿಯನ್ನು ಕಬಳಿಸಿದವನ ಕೊರಳಿಗೆ ಏಳು ಭೂಮಿಗಳಿಂದ ಅದನ್ನು ತೊಡಿಸಲಾಗುವುದೆಂಬ ಎಚ್ಚರಿಕೆ ಸಈದ್ ಇಬ್ನ್ ಝೈದ್(ರ) ಅವರ ವರದಿಯಲ್ಲಿದೆ. ಜಮೀನಿನ ತಕರಾರಿನಲ್ಲಿ ಆರೋಪಕ್ಕೆ ಗುರಿಯಾದಾಗ ಅವರು ಈ ಹದೀಸನ್ನು ಹೇಳಿ, ಇದನ್ನು ಕೇಳಿದ ಮೇಲೂ ನಾನು ಅನ್ಯರ ನೆಲವನ್ನು ತೆಗೆದುಕೊಳ್ಳುವೆನೇ ಎಂದು ಕೇಳಿದ್ದರು.

ವಕ್ಫ್ ಆಸ್ತಿಗಳ ಪಾಠ

ಮನೆಯ ವಿಷಯದಲ್ಲಿ ಆದದ್ದೇ ವಕ್ಫ್ ಆಸ್ತಿಯ ವಿಷಯದಲ್ಲಿಯೂ ಆಗಿದೆ. ನಮ್ಮ ಹಿರಿಯರು ಮಸೀದಿ, ಕಬ್ರಸ್ತಾನ, ದರ್ಗಾಗಳಿಗೆ ಬಿಟ್ಟ ಭೂಮಿಗಳಲ್ಲಿ ಅನೇಕಕ್ಕೆ ಪತ್ರವಿರಲಿಲ್ಲ. ಊರಿನವರ ನೆನಪೇ ಪತ್ರವಾಗಿತ್ತು. ಹಳೆಯ ಮೈಸೂರು ಪ್ರದೇಶದಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದತಿ ಕಾನೂನು ಬಂದಾಗ ದೇವಾಲಯ, ಮಠ, ಮಸೀದಿಗಳ ಇನಾಮು ಭೂಮಿಗಳು ಸರಕಾರಕ್ಕೆ ಸೇರಿದವು. ಉಳುವವರು ಅರ್ಜಿ ಹಾಕಿ ಹಕ್ಕು ಪಡೆದರು. ಎಲ್ಲಿ ಸನದು, ಲೆಕ್ಕ, ಪಹಣಿಗಳು ಕ್ರಮವಾಗಿದ್ದವೋ ಅಲ್ಲಿ ಸಂಸ್ಥೆಗಳು ತಮ್ಮ ಮಾತನ್ನು ಹೇಳಲು ಸಾಧ್ಯವಾಯಿತು. ಇಲ್ಲದಿದ್ದಲ್ಲಿ ಹೇಳಲು ಬಾಯಿಯೇ ಇರಲಿಲ್ಲ.

ವಕ್ಫ್ ಆಸ್ತಿಯ ವಿವರವನ್ನು ಮುತವಲ್ಲಿಗಳು ಸಲ್ಲಿಸಬೇಕೆಂಬ ನಿಯಮವು 1923ರ ಕಾನೂನಿನಿಂದಲೇ ಇದೆ. 1954 ಮತ್ತು 1995ರ ಕಾನೂನುಗಳು ಸರ್ವೆ ಮತ್ತು ನೋಂದಣಿಗಳನ್ನು ವಿಸ್ತರಿಸಿದವು. 2025ರ ತಿದ್ದುಪಡಿಯು ಬಳಕೆಯಿಂದ ಆದ ವಕ್ಫ್ ಎಂಬ ಕಲ್ಪನೆಯನ್ನು ಮುಂದಕ್ಕೆ ಕೈಬಿಟ್ಟು, ಹೊಸ ವಕ್ಫ್‌ಗೆ ಲಿಖಿತ ಪತ್ರವನ್ನು ಅಗತ್ಯಗೊಳಿಸಿತು. 'ಉಮೀದ್' ಪೋರ್ಟಲಿನಲ್ಲಿ ವಿವರ ತುಂಬಲು 6 ತಿಂಗಳ ಗಡುವು ಬಂದಾಗ, ಎಷ್ಟೋ ಆಡಳಿತ ಸಮಿತಿಗಳು ಅಟ್ಟದ ಪೆಟ್ಟಿಗೆಗಳನ್ನು ಮೊದಲ ಬಾರಿಗೆ ಇಳಿಸಿ ನೋಡಿದವು. ಈ ಕಾನೂನಿನ ಹಲವು ಅಂಶಗಳ ಕುರಿತು ಸಮುದಾಯದ ಗಂಭೀರ ಆಕ್ಷೇಪಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಅದರ ಚರ್ಚೆ ಬೇರೆಯೇ ಆಗಬೇಕು. 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯವು ಕೆಲವು ಅಂಶಗಳನ್ನು ತಡೆಹಿಡಿದರೂ ನೋಂದಣಿಯ ಅಗತ್ಯವನ್ನು ತಡೆಯಲಿಲ್ಲ. ನಮ್ಮ ಮಾತು ಇಷ್ಟೇ: ಉಮರ್(ರ) ಅವರು ಪತ್ರ ಬರೆಯಿಸಿ, ಸಾಕ್ಷಿ ಹಾಕಿಸಿ, ಉಸ್ತುವಾರಿಯ ಹೆಸರನ್ನೂ ಸೇರಿಸಿದಂತೆ ನಾವೂ ಮಾಡಿದ್ದರೆ ಈ ಗಡುವು ನಮ್ಮನ್ನು ಇಷ್ಟು ನಡುಗಿಸುತ್ತಿರಲಿಲ್ಲ. ಅದೇ ನ್ಯಾಯದಿಂದ, ವಕ್ಫ್ ಅಲ್ಲದ್ದನ್ನು ವಕ್ಫ್ ಎನ್ನುವುದೂ ಪಾಪವೇ. ಸರಿಯಾದ ದಾಖಲೆಯು ಮಸೀದಿಯನ್ನೂ ಕಾಯುತ್ತದೆ, ಪಕ್ಕದ ಹೊಲದ ರೈತನನ್ನೂ ಕಾಯುತ್ತದೆ.

ಮನೆಯವರು ಮಾಡಬೇಕಾದದ್ದು

ಕಾನೂನಿನ ಕೆಲವು ಅಂಶಗಳನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಸ್ಥಿರಾಸ್ತಿಯ ಪತ್ರವನ್ನು ಬರೆದು ಸಹಿ ಮಾಡಿದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಕಡ್ಡಾಯವಾಗಿ ನೋಂದಾಯಿಸಬೇಕಾದ ಪತ್ರವನ್ನು ನೋಂದಾಯಿಸದಿದ್ದರೆ ಅದರಿಂದ ಆಸ್ತಿಯ ಹಕ್ಕು ಹುಟ್ಟುವುದಿಲ್ಲ. ನೋಂದಣಿ ಕಚೇರಿಯ 1ನೆಯ ಪುಸ್ತಕವು ಸಾರ್ವಜನಿಕವಾದದ್ದು. ಶುಲ್ಕ ಕೊಟ್ಟು ಯಾರೂ ನೋಡಬಹುದು. ನಾವು ಪಡೆಯುವ ಋಣಭಾರ ಪತ್ರವು, ಅಂದರೆ ಇ.ಸಿ.ಯು, ಅದರಿಂದಲೇ ಬರುತ್ತದೆ. ಕೊಳ್ಳುವ ಮೊದಲು ಅದನ್ನು ತೆಗೆಸಬೇಕು. ಆದರೆ ನೋಂದಣಿಯಾದ ಮಾತ್ರಕ್ಕೆ ಮಾರಿದವನು ನಿಜವಾದ ಮಾಲೀಕನಾಗಿದ್ದನೆಂದು ಸಾಬೀತಾಗುವುದಿಲ್ಲ. ಹಿಂದಿನ ಪತ್ರಗಳ ಸರಪಣಿಯನ್ನು ನೋಡಲೇಬೇಕು. ಖಾತೆಯು ತೆರಿಗೆಯ ದಾಖಲೆ. ಅದರಲ್ಲಿ ಹೆಸರಿಲ್ಲವೆಂದು ವಾರಸುದಾರರ ಹಕ್ಕು ಅಳಿಯುವುದಿಲ್ಲ.

ಹಿಬಾ ಮಾಡುವವರು ಕಬ್ಝಾವನ್ನೂ ಕೊಡಲಿ, ದಾನಪತ್ರವನ್ನೂ ನೋಂದಾಯಿಸಲಿ. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವು ಕ್ರಯಪತ್ರಕ್ಕಿಂತ ಬಹಳ ಕಡಿಮೆ. ವಸಿಯ್ಯತ್ ಮಾಡುವವರು ಮೂರನೆಯ ಒಂದು ಭಾಗದ ಎಲ್ಲೆಯನ್ನು ಮೀರದೆ, ಅದನ್ನು ಬರೆದಿಡಲಿ. ಅದರ ನೋಂದಣಿ ಕಡ್ಡಾಯವಲ್ಲದಿದ್ದರೂ, ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡುವ ಅವಕಾಶವೂ ಇದೆ. ಮನೆಯವರು ತೀರಿಕೊಂಡಾಗ ಎಲ್ಲ ವಾರಸುದಾರರ, ಹೆಣ್ಣುಮಕ್ಕಳ ಹೆಸರೂ ಸೇರಿ, ವಂಶವೃಕ್ಷ ಮಾಡಿಸಿ ಪೌತಿ ಖಾತೆ ಮಾಡಿಸಲಿ. ಭೂಮಿ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾಗಿವೆ. ಕಾವೇರಿ ತಂತ್ರಾಂಶದಿಂದ ನೋಂದಣಿಯ ಬಹುಪಾಲು ಸಿದ್ಧತೆ ಮನೆಯಲ್ಲಿಯೇ ಆಗುತ್ತದೆ. ದಾರಿ ಹಿಂದಿಗಿಂತ ಸುಲಭವಾಗಿದೆ, ನೆವ ಕಡಿಮೆಯಾಗಿದೆ.

ಆ ಸಹೋದರಿಯ ಪಾಲು

ಭದ್ರಾವತಿಯ ಆ ಸಹೋದರಿಯ ವಿಷಯಕ್ಕೆ ಬರೋಣ. ತಂದೆ ಕೊನೆಯವರೆಗೂ ಹಿಂಬದಿಯ ಕೋಣೆಗಳಲ್ಲಿ ತಾವೇ ವಾಸವಿದ್ದರು. ಮಗಳಿಗೆ ಕಬ್ಝಾ ಸಿಕ್ಕಿರಲಿಲ್ಲ. ಆದುದರಿಂದ ಹಿಬಾ ಪೂರ್ಣವಾಗಿಲ್ಲ ಎಂದು ನಾವು ಹೇಳಬೇಕಾಯಿತು. ಮೀರಾಸಿನ ಲೆಕ್ಕದಲ್ಲಿ ಗಂಡುಮಕ್ಕಳಿಗೆ ಎರಡೆರಡು ಪಾಲು, ಮಗಳಿಗೆ ಒಂದು, ಅಂದರೆ ಐದರಲ್ಲಿ ಒಂದು. ತಂದೆಯ ಮನಸ್ಸಿನಲ್ಲಿದ್ದ ಮೂರರಲ್ಲಿ ಒಂದು, ಕಾಗದ ಮತ್ತು ಕೀಲಿಕೈ ಇಲ್ಲದ ಕಾರಣ, ಐದರಲ್ಲಿ ಒಂದಾಯಿತು. ಖಾತೆಯಲ್ಲಿ ಅದೂ ಇರಲಿಲ್ಲ. ಅದನ್ನು ಹೇಳುವಾಗ ನಮಗೂ ನಾಲಿಗೆ ಭಾರವಾಯಿತು.

ಆಗ ಉಮ್ಮು ಸಲಮಾ(ರ) ವರದಿ ಮಾಡಿದ, ಅಬೂದಾವೂದ್ ಸಂಗ್ರಹದಲ್ಲಿರುವ ಒಂದು ಘಟನೆಯನ್ನು ಆ ಸಹೋದರರಿಗೆ ಓದಿ ಹೇಳಿದೆವು. ಇಬ್ಬರು ವ್ಯಕ್ತಿಗಳು ವಾರಸಿನ ತಕರಾರನ್ನು ಪ್ರವಾದಿವರ್ಯರ(ಸ) ಬಳಿಗೆ ತಂದರು. ಇಬ್ಬರ ಬಳಿಯೂ ಬಾಯಿಮಾತಿನ ಹೊರತು ಪುರಾವೆ ಇರಲಿಲ್ಲ. ಪ್ರವಾದಿವರ್ಯರು, ತಾವೂ ಮನುಷ್ಯರು, ಮುಂದೆ ಬಂದ ಮಾತನ್ನು ಕೇಳಿ ತೀರ್ಪು ಕೊಡುವವರು, ಸಹೋದರನ ಹಕ್ಕನ್ನು ತಾವು ತಪ್ಪಾಗಿ ಕೊಟ್ಟರೆ ಅದು ಬೆಂಕಿಯ ತುಂಡೆಂದು ತಿಳಿದು ಬಿಡಬೇಕು ಎಂದರು. ಇಬ್ಬರೂ ಅತ್ತರು, ತನ್ನ ಹಕ್ಕು ಅವನಿಗೇ ಇರಲಿ ಎಂದು ಪ್ರತಿಯೊಬ್ಬನೂ ಹೇಳಿದನು. ಹಾಗಾದರೆ ಹಂಚಿಕೊಳ್ಳಿರಿ, ಸತ್ಯವನ್ನು ಅರಸಿರಿ, ಚೀಟಿ ಹಾಕಿರಿ, ಪರಸ್ಪರ ಮನ್ನಿಸಿರಿ ಎಂದು ಪ್ರವಾದಿವರ್ಯರು ಅವರನ್ನು ಕಳುಹಿಸಿದರು.

ಹಿರಿಯ ಸಹೋದರರು ಏನೂ ಹೇಳದೆ ಎದ್ದರು. ಎರಡು ತಿಂಗಳ ಬಳಿಕ ಕಿರಿಯವರು ಬಂದು ವಿಭಾಗಪತ್ರ ನೋಂದಣಿಯಾಯಿತೆಂದು ತಿಳಿಸಿದರು. ಹಿರಿಯರು ಶರೀಅತ್ತಿನ ಪಾಲನ್ನು ಕೊಡಲು ಒಪ್ಪಿದರು; ಅದಕ್ಕಿಂತ ಹೆಚ್ಚು ಕೊಡಲಿಲ್ಲ, ಕೊಡುವ ಬಾಧ್ಯತೆ ಅವರಿಗಿರಲೂ ಇಲ್ಲ. ಎರಡು ಕೋಣೆಗೆ ಕಡಿಮೆಬಿದ್ದದ್ದನ್ನು ಕಿರಿಯವರು ತಮ್ಮ ಪಾಲಿನಿಂದ ಅಕ್ಕನಿಗೆ ದಾನಪತ್ರ ಮಾಡಿಕೊಟ್ಟರು. "ಈ ಸಲ ಬರೆಯಿಸಿದೆವು ಮೌಲಾನಾ, ಕೀಲಿಕೈಯನ್ನೂ ಕೊಟ್ಟೆವು" ಎಂದರು.

ಬರೆಯಿಸಿದವರಿಗೂ ಬರೆದವರಿಗೂ ಸಾಕ್ಷಿ ನಿಂತವರಿಗೂ ಅಲ್ಲಾಹನು ಪ್ರತಿಫಲವನ್ನು ನೀಡಲಿ. ನಮ್ಮ ಕರ್ಮಗಳ ಪುಸ್ತಕವನ್ನು ನಮ್ಮ ಕೈಗೆ ಕೊಡಲಾಗುವ ದಿನ, ಅದರಲ್ಲಿ ಅನ್ಯರ ಒಂದು ಗೇಣು ಭೂಮಿಯೂ ನಮ್ಮ ಹೆಸರಿನಲ್ಲಿ ಬರೆಯಲ್ಪಡದಿರಲಿ. ಆಮೀನ್.